ಫ್ರೀಜರ್‌ನಿಂದ ತೆಗೆದ ಆಲೂಗಡ್ಡೆ ಸ್ಪಂಜ್ ಆಗೋದ್ಯಾಕೆ?

ಮೂರು ವರ್ಷದ ಹಿಂದಿನ ಮಾತು. ಸೆಪ್ಟೆಂಬರಿನಲ್ಲಿ ನಮ್ಮ ಅರ್ಧ ಎಕರೆ ಆಲೂಗಡ್ಡೆ ಕಿತ್ತೆವು. ಅಂಗಮಾರಿ ಸ್ವಲ್ಪ ಕಾಡಿದ್ದರೂ ಗಡ್ಡೆ ಪರವಾಗಿಲ್ಲ ಅನ್ನುವ ಹಾಗಿತ್ತು. ರೇಟು ಮಾತ್ರ ನೆಲ ಕಚ್ಚಿತ್ತು. ಹಾಸನದ ಮಾರುಕಟ್ಟೆಗೆ ಮೂಟೆ ಇಳಿಸಿ, ಗಾಡಿ ಬಾಡಿಗೆ, ಹಮಾಲಿ ಎಲ್ಲ ಕಳೆದರೆ ಕೈಗೆ ಬರುವುದು ಬೀಜದ ಗಡ್ಡೆಗೆ ಕೊಟ್ಟ ದುಡ್ಡಿಗೂ ಸಾಲುತ್ತಿರಲಿಲ್ಲ. ಆಗ ಒಬ್ಬರು ಕಿವಿಗೆ ಹಾಕಿದರು: ‘ಸಿಪ್ಪೆ ತೆಗೆದು, ಕಟ್ ಮಾಡಿ, ಫ್ರೀಜರ್‌ನಲ್ಲಿ ಇಟ್ಟುಬಿಡಿ. ಹೋಟೆಲ್‌ನವರು ಕೇಳಿದಾಗ ಕೊಡಿ. ಫ್ರೀಜರ್ ಒಂದಿದ್ರೆ ಸಾಕು, ಏನೂ ಹಾಳಾಗಲ್ಲ.’

ತೋಟಗಾರಿಕೆ ಓದಿದವಳು ನಾನು. ಒಂದು ನಿಮಿಷ ಯೋಚಿಸಬೇಕಿತ್ತು, ಯೋಚಿಸಲಿಲ್ಲ. ನಮ್ಮತ್ತೆಯವರ ಚೀಟಿ ದುಡ್ಡಿನಲ್ಲಿ 14 ಸಾವಿರ ಕೊಟ್ಟು ಹಳೇ ಡೀಪ್ ಫ್ರೀಜರ್ ತಂದೆವು. 80 ಕಿಲೋ ಆಲೂಗಡ್ಡೆ ಹೋಳುಗಳನ್ನು ಐದೈದು ಕಿಲೋ ಕವರಿಗೆ ತುಂಬಿ ಒಂದರ ಮೇಲೊಂದು ಪೇರಿಸಿದೆವು. ಎರಡು ತಿಂಗಳ ಮೇಲೆ ಒಂದು ಮೆಸ್ಸಿಗೆ ಮೊದಲ 20 ಕಿಲೋ ಕೊಟ್ಟೆ. ಮಧ್ಯಾಹ್ನವೇ ಅಡುಗೆಯವರ ಫೋನು. ‘ಮೇಡಂ, ಇದು ಗಡ್ಡೆನೋ ಪಾತ್ರೆ ತಿಕ್ಕೋ ಸ್ಪಂಜೋ? ಹಿಂಡಿದ್ರೆ ಅರ್ಧ ಬಕೆಟ್ ನೀರು ಬಂತು. ಪಲ್ಯ ನೋಡಿದ್ರೆ ಕಪ್ಪು.’ ಸಂಜೆ ಕವರುಗಳು ವಾಪಸ್ ಬಂದವು.

ಇಂಥದ್ದೇ ಯೋಚನೆ ನಿಮ್ಮಲ್ಲೂ ಕೆಲವರಿಗೆ ಬಂದಿರಬಹುದು. ಆಲೂಗಡ್ಡೆ ಇಲ್ಲದಿದ್ದರೆ ಗೆಣಸು, ಮರಗೆಣಸು, ಬಾಳೆಕಾಯಿ, ಅವರೆಕಾಳು, ಸ್ವೀಟ್ ಕಾರ್ನ್. ಇವೆಲ್ಲವೂ ಹೆಚ್ಚುಕಡಿಮೆ ಪಿಷ್ಟ ತುಂಬಿದ ಪದಾರ್ಥಗಳೇ. ಫ್ರೀಜರ್‌ಗೆ ದುಡ್ಡು ಸುರಿಯುವ ಮೊದಲು ಆ ಪಿಷ್ಟಕ್ಕೆ ಚಳಿಯಲ್ಲಿ ಏನಾಗುತ್ತದೆ ಅಂತ ತಿಳಿದುಕೊಂಡರೆ ಯಾವುದನ್ನು ಇಡಬಹುದು, ಯಾವುದನ್ನು ಇಡಬಾರದು ಅಂತ ನೀವೇ ಹೇಳಬಲ್ಲಿರಿ. ನಾನು ಆಮೇಲೆ ಕೂತು ಓದಿದ್ದು, ಮನೆಯಲ್ಲೇ ಮಾಡಿ ನೋಡಿದ್ದು ಇಲ್ಲಿದೆ.

ಪಿಷ್ಟದ ಕಣ ಹೇಗಿರುತ್ತೆ

ಆಲೂಗಡ್ಡೆಯಲ್ಲಿ ಸುಮಾರು 80 ಭಾಗ ನೀರು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಪಿಷ್ಟ. ಈ ಪಿಷ್ಟ ಗಡ್ಡೆಯೊಳಗೆ ಗಂಜಿಯ ಹಾಗೆ ಹರಡಿಕೊಂಡಿಲ್ಲ. ಒಂದೊಂದು ಜೀವಕೋಶದೊಳಗೂ ಬಿಡಿ ಬಿಡಿ ಕಣಗಳಾಗಿ ಕೂತಿದೆ, ಚೀಲದಲ್ಲಿ ಕಾಳು ತುಂಬಿದ ಹಾಗೆ. ಆಲೂಗಡ್ಡೆ ಹೆಚ್ಚಿದ ಮೇಲೆ ಚಾಕುವಿಗೆ ಬಿಳಿ ಪುಡಿ ಅಂಟಿರುತ್ತಲ್ಲ, ನೀರಿನಲ್ಲಿ ಹಾಕಿಟ್ಟರೆ ಪಾತ್ರೆಯ ತಳಕ್ಕೆ ಇಳಿಯುತ್ತಲ್ಲ, ಅದೇ ಈ ಕಣಗಳು. ನೀರಿಗಿಂತ ಒಂದೂವರೆ ಪಟ್ಟು ಭಾರ ಇರುವುದರಿಂದ ತಳ ಸೇರುತ್ತವೆ.

ಬೆಳೆಗೊಂದು ಆಕಾರ. ಆಲೂಗಡ್ಡೆಯದು ದೊಡ್ಡ ಕಣ, ಮೊಟ್ಟೆಯಾಕಾರ. ಕೆಲವು 100 ಮೈಕ್ರಾನ್‌ವರೆಗೂ ಇರುತ್ತವೆ, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅಕ್ಕಿಯದು ತೀರಾ ಸಣ್ಣದು, 3ರಿಂದ 8 ಮೈಕ್ರಾನ್, ಮೂಲೆ ಮೂಲೆಯಾಗಿ ಒಡೆದ ಕಲ್ಲಿನ ಹಾಗೆ. ಮುಸುಕಿನ ಜೋಳ, ಬಿಳಿಜೋಳದ ಕಣಗಳ ಮೈಮೇಲೆ ಹುಟ್ಟಿನಿಂದಲೇ ಸೂಜಿ ಚುಚ್ಚಿದಂಥ ರಂಧ್ರಗಳಿರುತ್ತವೆ. ಆಲೂಗಡ್ಡೆಯ ಕಣ ಹಾಗಲ್ಲ, ನುಣ್ಣಗೆ, ಹೊಳೆಕಲ್ಲಿನ ಥರ. ಕಾಲೇಜಿನ ಲ್ಯಾಬಿನಲ್ಲಿ ಮೊದಲ ಸಲ ನೋಡಿದಾಗ, ಇದು ನಾವು ದಿನಾ ತಿನ್ನೋದಾ ಅಂತ ಆಶ್ಚರ್ಯವಾಗಿತ್ತು.

ಕಣದ ಒಳಗೆ ಈರುಳ್ಳಿಯ ಹಾಗೆ ಪದರದ ಮೇಲೆ ಪದರ. ಕೆಲವು ಪದರಗಳಲ್ಲಿ ಪಿಷ್ಟದ ಸರಪಳಿಗಳು ಇಟ್ಟಿಗೆ ಜೋಡಿಸಿದ ಹಾಗೆ ಬಿಗಿಯಾಗಿ ಕೂತಿರುತ್ತವೆ. ನಡುನಡುವಿನ ಪದರಗಳು ಸಡಿಲ. ಕಣದೊಳಗೆ ಹೋಗುವ ನೀರು ಹೆಚ್ಚಾಗಿ ಈ ಸಡಿಲ ಜಾಗದಲ್ಲೇ ಇರುತ್ತದೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಐಸ್ ಆಗುವಾಗ ನಡೆಯುವುದು

ಶುದ್ಧ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಗಡ್ಡೆಯ ರಸದಲ್ಲಿ ಸಕ್ಕರೆ, ಲವಣ ಇರುವುದರಿಂದ ಅದು ಹೆಪ್ಪುಗಟ್ಟುವುದು ಸುಮಾರು ಒಂದು ಡಿಗ್ರಿ ಕೆಳಗೆ. ಆದರೆ ಎಲ್ಲ ನೀರೂ ಒಟ್ಟಿಗೆ ಐಸ್ ಆಗಿಬಿಡುವುದಿಲ್ಲ. ಮೈನಸ್ 1ರಿಂದ ಮೈನಸ್ 5ರ ನಡುವೆ ಬಹುಪಾಲು ಐಸ್ ಕಟ್ಟುತ್ತದೆ. ಈ ಗಡಿಯನ್ನು ಅರ್ಧ ಗಂಟೆಯೊಳಗೆ ದಾಟಿಸಿದರೆ ಸಣ್ಣ ಸಣ್ಣ ಹರಳುಗಳು. ಗಂಟೆಗಟ್ಟಲೆ ಎಳೆದರೆ ದೊಡ್ಡ, ಚೂಪಾದ ಹರಳುಗಳು. ಕಾರ್ಖಾನೆಯಲ್ಲಿ ಮೈನಸ್ 35, 40 ಡಿಗ್ರಿಯ ಗಾಳಿ ಊದಿ ಬಟಾಣಿಯನ್ನು ಬಿಡಿಬಿಡಿಯಾಗಿ ಕೆಲವೇ ನಿಮಿಷದಲ್ಲಿ ಗಟ್ಟಿ ಮಾಡುತ್ತಾರೆ. ನಮ್ಮ ಮನೆಯ ಫ್ರೀಜರ್ ಮೈನಸ್ 18. ಅದರಲ್ಲಿ ಐದು ಕಿಲೋ ಕವರಿನ ನಟ್ಟನಡುವಿನ ಹೋಳು ಗಟ್ಟಿಯಾಗಲು ಎಷ್ಟು ಹೊತ್ತು ಬೇಕು? ನಾನು ಮೂರನೇ ದಿನ ಕವರ್ ಬಿಚ್ಚಿ ನೋಡಿದಾಗಲೂ ನಡುವಿನದು ಬೆರಳಿಗೆ ಮೆತ್ತಗೇ ಸಿಕ್ಕಿತ್ತು.

ನೀರು ಐಸ್ ಆದರೆ ಗಾತ್ರ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಆ ದೊಡ್ಡ ಹರಳುಗಳು ಆಲೂಗಡ್ಡೆಯ ತೆಳು ಜೀವಕೋಶದ ಗೋಡೆಯನ್ನು ಹರಿಯುತ್ತವೆ. ಐಸ್ ಕರಗಿದ ಮೇಲೆ ನೀರನ್ನು ಹಿಡಿದಿಡಲು ಗೋಡೆಯೇ ಇಲ್ಲ. ಅಡುಗೆಯವರು ಕಂಡ ಅರ್ಧ ಬಕೆಟ್ ನೀರು ಇದೇ. ಒಡೆದ ಕೋಶದೊಳಗಿನ ಕಿಣ್ವಗಳು ಗಾಳಿ ತಗುಲಿ ಹೋಳನ್ನು ಕಪ್ಪು ಮಾಡುತ್ತವೆ. ಸೇಬು ಕಚ್ಚಿ ಇಟ್ಟರೆ ಕಂದಾಗುತ್ತಲ್ಲ, ಅದೇ ಕೆಲಸ.

ಇಷ್ಟು ಬಹಳ ಜನಕ್ಕೆ ಗೊತ್ತು. ಆದರೆ ಕೋಶದೊಳಗಿನ ಪಿಷ್ಟದ ಕಣಕ್ಕೆ ಏನಾಯಿತು ಅಂತ ಕೇಳಿದರೆ ಹೆಚ್ಚಿನವರು ‘ಅದೂ ಒಡೆದು ಹೋಯ್ತು’ ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ತಪ್ಪು. ಕಣ ಒಡೆದು ಚೂರಾಗುವುದಿಲ್ಲ. ಅದರ ಮೈ ಒರಟಾಗುತ್ತದೆ.

ಆಗುವುದು ಹೀಗೆ. ಕಣದ ಹೊರಗಿನ ನೀರು ಮೊದಲು ಐಸ್ ಆಗುತ್ತದೆ. ಐಸ್ ಬೆಳೆಯುತ್ತಾ ಸುತ್ತಲ ನೀರನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ, ಕಣದೊಳಗಿನ ಸಡಿಲ ಪದರದ ನೀರನ್ನೂ ಸಹ. ನೀರು ಕಳೆದುಕೊಂಡ ಪದರ ಕುಗ್ಗುತ್ತದೆ, ಬಿಗಿ ಪದರ ಕುಗ್ಗುವುದಿಲ್ಲ. ಹೊರಗಿನಿಂದ ಹರಳು ಬೇರೆ ಒತ್ತುತ್ತಿರುತ್ತದೆ. ಕರಗಿದಾಗ ನೀರು ವಾಪಸ್ ಒಳಗೆ ಹೋಗುತ್ತದೆ, ಕಣ ಉಬ್ಬುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಕೆರೆಯಂಗಳಕ್ಕೆ ಒಂದು ಮಳೆ ಬಂದು, ಮತ್ತೆ ಒಣಗಿ, ಮತ್ತೆ ಮಳೆ ಬಂದರೆ ಮೇಲ್ಮಣ್ಣು ಹೇಗಾಗುತ್ತೋ ಹಾಗೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ನುಣ್ಣಗಿದ್ದ ಆಲೂಗಡ್ಡೆ ಕಣದ ಮೇಲೆ ಗೀರು, ತಗ್ಗು, ಸಣ್ಣ ರಂಧ್ರ. ಒಂದು ಸಲ ಫ್ರೀಜ್ ಮಾಡಿದ್ದಕ್ಕಿಂತ ಹತ್ತು ಸಲ ಫ್ರೀಜ್ ಮಾಡಿ ಕರಗಿಸಿದ್ದರಲ್ಲಿ ಇದು ಎದ್ದು ಕಾಣುತ್ತದೆ. ಅಷ್ಟಾದರೂ ಕಣದ ಆಕಾರ, ಗಾತ್ರ ಹೆಚ್ಚು ಬದಲಾಗುವುದಿಲ್ಲ.

ಪೋಲೆಂಡಿನ ಕ್ರಾಕೋವ್‌ನ ಸಂಶೋಧಕರು 2000ನೇ ಇಸವಿಯ ಆಸುಪಾಸಿನಲ್ಲಿ ಆಲೂಗಡ್ಡೆ ಪಿಷ್ಟವನ್ನು ಬೇರೆ ಬೇರೆ ತೇವದಲ್ಲಿಟ್ಟು ಆಳವಾಗಿ ಫ್ರೀಜ್ ಮಾಡಿ ನೋಡಿದ್ದರು. ಎಷ್ಟು ಚಳಿ ಅನ್ನುವುದರ ಜೊತೆಗೆ ಪಿಷ್ಟದಲ್ಲಿ ಎಷ್ಟು ನೀರಿದೆ ಅನ್ನುವುದೂ ಅಷ್ಟೇ ಮುಖ್ಯ ಅಂತ ಇಂಥ ಪ್ರಯೋಗಗಳಿಂದ ಗೊತ್ತಾಯಿತು. ರೈತರಿಗೆ ಕೆಲಸಕ್ಕೆ ಬರುವ ಸಂಗತಿ ಇದೇ, ಕೆಳಗೆ ರಾಗಿ ಹಿಟ್ಟಿನ ವಿಷಯಕ್ಕೆ ಬಂದಾಗ ಹೇಳ್ತೀನಿ.

ಮೈ ಒರಟಾದರೆ ನಮಗೇನು? ಬೇಯಿಸುವಾಗ ಬಿಸಿನೀರು ಅಂಥ ಕಣದೊಳಗೆ ಸಲೀಸಾಗಿ ನುಗ್ಗುತ್ತದೆ, ಒಳಗಿನ ಪಿಷ್ಟ ಹೆಚ್ಚು ಹೊರಗೆ ಸೋರುತ್ತದೆ. ಸಾರು, ಗ್ರೇವಿ ಗೊಜ್ಜಿನ ಹಾಗೆ ಅಂಟಂಟಾಗುತ್ತದೆ. ಹಿಟ್ಟು ಮಾಡಿದರೆ ಕಲಸಲು ನೀರಿನ ಅಳತೆ ಬದಲಾಗುತ್ತದೆ. ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳಿಗೂ ಒಳಹೋಗಲು ಬಾಗಿಲು ತೆಗೆದಂತೆ.

ಕರೆಂಟು ಹೋದಾಗಲೆಲ್ಲ ಒಂದು ಸುತ್ತು

ನನ್ನ 80 ಕಿಲೋ ಕೆಟ್ಟಿದ್ದಕ್ಕೆ ಇನ್ನೊಂದು ಕಾರಣ ಆಮೇಲೆ ಹೊಳೆಯಿತು. ಅದು ಕರೆಂಟು. ನಮ್ಮ ಕಡೆ ಮಳೆಗಾಲದಲ್ಲಿ ಒಂದು ಕೊಂಬೆ ಬಿದ್ದರೆ ಒಂದು ದಿನ ಕತ್ತಲೆ. ಆಗೆಲ್ಲ ಮೇಲಿನ ಕವರುಗಳು ಅರ್ಧ ಕರಗಿ, ಕರೆಂಟು ಬಂದ ಮೇಲೆ ಮತ್ತೆ ಗಟ್ಟಿಯಾಗಿವೆ. ನಿಧಾನವಾಗಿ ಗಟ್ಟಿಯಾಗಿದ್ದರಿಂದ ಇನ್ನೂ ದೊಡ್ಡ ಹರಳು. ಲ್ಯಾಬಿನವರು ಬೇಕೆಂದೇ ಮಾಡುವ ಪ್ರಯೋಗವನ್ನು ನಮ್ಮ ಫ್ರೀಜರ್ ತಾನಾಗಿಯೇ ಮಾಡಿ ಮುಗಿಸಿತ್ತು.

ಇದನ್ನು ಪತ್ತೆ ಮಾಡಲು ಸುಲಭ ಉಪಾಯವಿದೆ. ಒಂದು ಲೋಟ ನೀರನ್ನು ಫ್ರೀಜರ್‌ನಲ್ಲಿ ಪೂರ್ತಿ ಐಸ್ ಮಾಡಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಒಂದು ಮೂಲೆಯಲ್ಲಿ ಬಿಡಿ. ನೀವು ಊರಲ್ಲಿಲ್ಲದಾಗ ಐಸ್ ಕರಗಿ ಮತ್ತೆ ಕಟ್ಟಿದ್ದರೆ ನಾಣ್ಯ ಕೆಳಗಿಳಿದಿರುತ್ತದೆ. ತಳ ಮುಟ್ಟಿದ್ದರೆ ಒಳಗಿನ ಮಾಲನ್ನು ಗಿರಾಕಿಗೆ ಕೊಡುವ ಮಾತೇ ಬೇಡ. ಮೀನು, ಮಾಂಸ ಇದ್ದರಂತೂ ಎಸೆದುಬಿಡಿ. ಕರೆಂಟು ಹೋದಾಗ ಮುಚ್ಚಳ ತೆಗೆಯಬೇಡಿ. ತುಂಬಿದ ಡೀಪ್ ಫ್ರೀಜರ್ ಮುಚ್ಚಿಟ್ಟರೆ ಸುಮಾರು ಎರಡು ದಿನ ಚಳಿ ಹಿಡಿದಿಡುತ್ತದೆ, ಅರ್ಧ ತುಂಬಿದ್ದರೆ ಒಂದೇ ದಿನ. ಹಾಗಾಗಿ ಖಾಲಿ ಜಾಗವಿದ್ದರೆ ನೀರಿನ ಬಾಟಲಿ ಮುಕ್ಕಾಲು ತುಂಬಿಸಿ ಇಡಿ. ಮುಕ್ಕಾಲೇ ಇರಲಿ, ಹಿಗ್ಗಲು ಜಾಗ ಬೇಕಲ್ಲ!

ನಮ್ಮತ್ತೆ ಮಾಡಿದ್ದು, ಆಂಡಿಸ್‌ನವರು ಮಾಡುವುದು

ವಾಪಸ್ ಬಂದ ಕವರುಗಳನ್ನು ತಿಪ್ಪೆಗೆ ಹಾಕೋಣ ಅಂತಿದ್ದೆ. ಅತ್ತೆ ಬಿಡಲಿಲ್ಲ. ಅವರ ಚೀಟಿ ದುಡ್ಡು ನೋಡಿ! ‘ಹಿಂಡಿದ್ರೆ ನೀರು ಬರ್ತದೆ ಅಂದ್ಮೇಲೆ ಹಿಂಡಿ ಒಣಗಿಸ್ಬಿಡಮ್ಮ, ಸಂಡಿಗೆ ಥರ ಕರಿದ್ರಾಯ್ತು’ ಅಂದರು. ಬಟ್ಟೆಯಲ್ಲಿ ಹಾಕಿ ಹಿಂಡಿ, ತಾರಸಿ ಮೇಲೆ ನಾಲ್ಕು ದಿನ ಒಣಗಿಸಿದೆವು. ಇದ್ದಿಲಿನ ಬಣ್ಣ ಬಂತು, ಕೈಗೆ ಹತ್ತಿಯಷ್ಟು ಹಗುರ. ಕರಿದರೆ ತಿನ್ನಬಹುದು, ಮಾರುವಂಥದ್ದಲ್ಲ. ಆದರೆ ಎಂಟು ತಿಂಗಳು ಡಬ್ಬಿಯಲ್ಲಿದ್ದರೂ ಹುಳ ಬೀಳಲಿಲ್ಲ, ಬೂಸ್ಟು ಹಿಡಿಯಲಿಲ್ಲ.

ಅತ್ತೆಗೆ ಗೊತ್ತಿಲ್ಲದೆ ಅವರು ಮಾಡಿದ್ದು ಆಲೂಗಡ್ಡೆ ಹುಟ್ಟಿದ ನಾಡಿನ ಹಳೇ ವಿದ್ಯೆ. ಪೆರು, ಬೊಲಿವಿಯಾ ದೇಶಗಳ ಆಂಡಿಸ್ ಪರ್ವತದ ಬಯಲು ಸುಮಾರು 3,800 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟು ಎತ್ತರ ಅಂದುಕೊಳ್ಳಿ. ಅಲ್ಲಿಯ ಕೆಚುವಾ, ಐಮಾರಾ ರೈತರು ಜೂನ್, ಜುಲೈ ತಿಂಗಳಲ್ಲಿ ಗಡ್ಡೆಗಳನ್ನು ರಾತ್ರಿ ಬಯಲಲ್ಲಿ ಹರಡುತ್ತಾರೆ. ನಮಗೆ ಮುಂಗಾರು, ಅವರಿಗೆ ಅದು ಚಳಿಗಾಲ. ರಾತ್ರಿಯ ಹಿಮಕ್ಕೆ ಗಡ್ಡೆ ಕಲ್ಲಿನಂತಾಗುತ್ತದೆ, ಹಗಲಿನ ಬಿಸಿಲಿಗೆ ಕರಗುತ್ತದೆ. ಹೀಗೆ ಕೆಲವು ದಿನ ಬಿಟ್ಟು, ಬರಿಗಾಲಲ್ಲಿ ತುಳಿದು ನೀರು ಹಿಂಡಿ, ಒಣಗಿಸುತ್ತಾರೆ. ಅದಕ್ಕೆ ಚುನ್ಯೊ ಅಂತ ಹೆಸರು. ಹರಿಯುವ ನೀರಿನಲ್ಲಿ ಕೆಲವು ವಾರ ನೆನೆಸಿ ಒಣಗಿಸಿದರೆ ಬಿಳಿ ಬಣ್ಣದ ತುಂತಾ. ಇಂಕಾ ಅರಸರಿಗಿಂತ ಮೊದಲಿನಿಂದ ನಡೆದು ಬಂದ ಪದ್ಧತಿ ಇದು. ಚುನ್ಯೊ ವರ್ಷಗಟ್ಟಲೆ ಕೆಡುವುದಿಲ್ಲ. ಆ ಎತ್ತರದಲ್ಲಿ ಬೆಳೆಯುವ ಕೆಲವು ತಳಿಗಳು ಹಾಗೇ ತಿಂದರೆ ಕಹಿ, ವಿಷದ ಅಂಶವೂ ಇರುತ್ತದೆ. ಹಿಂಡಿ, ನೆನೆಸುವಾಗ ಅದೂ ತೊಳೆದುಹೋಗುತ್ತದೆ.

ಅಂದರೆ ನನ್ನ ಗಿರಾಕಿಗೆ ಬೇಡವಾದ ಗುಣವನ್ನೇ ಅವರು ಬೇಕೆಂದು ತಂದುಕೊಳ್ಳುತ್ತಾರೆ. ಕೋಶದ ಗೋಡೆ ಹರಿದರೆ ನೀರು ಹೋಗುತ್ತದೆ, ಪಿಷ್ಟದ ಕಣಗಳು ಉಳಿಯುತ್ತವೆ. ಹಾಗಂತ ನಮ್ಮಲ್ಲಿ ಯಾರೂ ಚುನ್ಯೊ ಮಾಡಲು ಹೊರಡಬೇಡಿ. ಕರೆಂಟು ಬಿಲ್ ಕಟ್ಟಿ ಹಿಮ ತಂದು ಸಂಡಿಗೆ ಮಾಡಿದರೆ ಲೆಕ್ಕ ಹೊಂದುವುದಿಲ್ಲ. ನಮ್ಮ ಆಲೂಗಡ್ಡೆ ಬೇಯಿಸಿ ಮಾಡುವ ಚಿಪ್ಸ್, ಸಂಡಿಗೆಯೇ ನಮಗೆ ಸರಿ.

ಮೊಬೈಲಿನಲ್ಲೇ ನೋಡಿ

ನಂಬಿಕೆ ಬಾರದಿದ್ದರೆ ನೀವೇ ಮಾಡಿ ನೋಡಬಹುದು. ಒಂದೇ ಗಡ್ಡೆಯನ್ನು ಎರಡು ಹೋಳು ಮಾಡಿ. ಒಂದನ್ನು ರಾತ್ರಿ ಫ್ರೀಜರ್‌ನಲ್ಲಿಟ್ಟು ಬೆಳಿಗ್ಗೆ ಕರಗಿಸಿ, ಇನ್ನೊಂದನ್ನು ಹಾಗೇ ಇಡಿ. ಎರಡನ್ನೂ ಹಿಂಡಿ. ತಾಜಾ ಹೋಳು ಜಪ್ಪಯ್ಯ ಅಂದರೂ ಹನಿ ಬಿಡುವುದಿಲ್ಲ, ಫ್ರೀಜ್ ಮಾಡಿದ್ದು ಧಾರಾಕಾರ. ಆ ನೀರನ್ನು ಲೋಟದಲ್ಲಿ ಬಿಟ್ಟರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ತೊಟ್ಟು ಹಾಕಿ, ನೀಲಿಗಪ್ಪಾಗುತ್ತದೆ. ಪಿಷ್ಟ ಇದೆ ಅಂತ ಸಾಕ್ಷಿ. ಆ ಲೋಟವನ್ನು ಆಮೇಲೆ ಚೆನ್ನಾಗಿ ತೊಳೆಯಿರಿ, ನಮ್ಮ ಮನೆಯಲ್ಲಿ ಅದಕ್ಕೂ ಜಗಳವಾಗಿದೆ.

ಇನ್ನೂ ಮುಂದಕ್ಕೆ ಹೋಗಬೇಕೆಂದರೆ ಫೋಲ್ಡ್‌ಸ್ಕೋಪ್ ಅಂತ ಕಾಗದದಲ್ಲಿ ಮಡಚುವ ಮೈಕ್ರೋಸ್ಕೋಪ್ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿರುವ ಭಾರತೀಯ ಮೂಲದ ವಿಜ್ಞಾನಿ ಮನು ಪ್ರಕಾಶ್ ಮತ್ತು ಅವರ ತಂಡ ಮಾಡಿದ್ದು. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮೊಬೈಲ್ ಕ್ಯಾಮೆರಾಕ್ಕೆ ಅಂಟಿಸಿ ಫೋಟೋ ತೆಗೆಯಬಹುದು. ಬಿಳಿ ಗಸಿಯ ಒಂದು ಹನಿ ಇಟ್ಟು ನೋಡಿದರೆ ಆಲೂಗಡ್ಡೆ ಕಣಗಳು ಮೊಟ್ಟೆ ಮೊಟ್ಟೆಯಾಗಿ ಕಾಣುತ್ತವೆ. ಫ್ರೀಜ್ ಮಾಡಿದ ಹೋಳಿನದೂ ಹಾಗೇ ಇಡಿಯಾಗಿರುತ್ತದೆ, ಮೈಮೇಲಿನ ಗೀರು ಇದರಲ್ಲಿ ಕಾಣುವಷ್ಟು ದೊಡ್ಡದಲ್ಲ. ಜೊತೆಗೆ ಬೇಯಿಸಿದ ಆಲೂಗಡ್ಡೆಯದೂ ಒಂದು ಹನಿ ಇಡಿ. ಅಲ್ಲಿ ಮೊಟ್ಟೆಗಳೇ ಇಲ್ಲ, ಉಬ್ಬಿ ಒಂದಕ್ಕೊಂದು ಅಂಟಿದ ಮುದ್ದೆ. ಕಣವನ್ನು ಪೂರ್ತಿ ಕೆಡಿಸುವುದು ಬಿಸಿ. ಆಲೂಗಡ್ಡೆ ಪಿಷ್ಟ 60 ಡಿಗ್ರಿ ದಾಟಿದರೆ ಉಬ್ಬಲು ಶುರು. ಚಳಿ ಕಣದ ಮೈಯನ್ನಷ್ಟೇ ಗೀರುತ್ತದೆ.

ಬೆಂದ ಪಿಷ್ಟದ ಕಥೆಯೇ ಬೇರೆ. ಬೆಂದು ಉಬ್ಬಿದ ಮೇಲೆ ಕಣದ ಮೈ ಅಂತ ಏನೂ ಉಳಿದಿರುವುದಿಲ್ಲ. ತಣ್ಣಗಾದಾಗ ಸರಪಳಿಗಳು ಮತ್ತೆ ಒಟ್ಟುಗೂಡಿ ನೀರನ್ನು ಹೊರಗೆ ತಳ್ಳುತ್ತವೆ. ರಾತ್ರಿಯ ಅನ್ನ ಬೆಳಿಗ್ಗೆ ಬಿರುಸಾಗುವುದು, ಮುದ್ದೆ ಗಟ್ಟಿಯಾಗುವುದು ಇದಕ್ಕೇ. ಇದು ಅತಿ ಬೇಗ ನಡೆಯುವುದು ಫ್ರಿಜ್‌ನ 4 ಡಿಗ್ರಿ ಆಸುಪಾಸಿನಲ್ಲಿ, ಮೈನಸ್ 18ರಲ್ಲಿ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಆದ್ದರಿಂದ ಇಡ್ಲಿ, ಚಪಾತಿ ಮಾಡಿ ಮಾರುವವರು ಉಳಿದದ್ದನ್ನು ಫ್ರಿಜ್‌ನಲ್ಲಿಡುವ ಬದಲು ಬೇಗ ಫ್ರೀಜ್ ಮಾಡುವುದು ವಾಸಿ. ಚೀನಾದಲ್ಲಿ ಹೆಸರುಕಾಳಿನ ಪಿಷ್ಟದಿಂದ ಗಾಜಿನಂಥ ಶಾವಿಗೆ ಮಾಡುವವರು ಈ ಬಿರುಸಾಗುವ ಗುಣವನ್ನೇ ಬಳಸುತ್ತಾರೆ. ಬೇಯಿಸಿದ ಎಳೆಗಳನ್ನು ಫ್ರೀಜ್ ಮಾಡಿ ಕರಗಿಸಿದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತವೆ.

ಹಾಗಾದರೆ ಯಾವುದನ್ನು ಇಡೋಣ?

ಹಸಿ ಆಲೂಗಡ್ಡೆ ಹೋಳು ಬೇಡವೇ ಬೇಡ. ಅಂಗಡಿಯಲ್ಲಿ ಸಿಗುವ ಫ್ರೋಜನ್ ಫ್ರೆಂಚ್ ಫ್ರೈಸ್ ಚೆನ್ನಾಗಿರುತ್ತಲ್ಲ ಅಂತ ಕೇಳಬಹುದು. ಅದು ಹಸಿ ಹೋಳಲ್ಲ. ನೀರು ಕಡಿಮೆ, ಹಿಟ್ಟಿನಂಶ ಹೆಚ್ಚಿರುವ ತಳಿ ಆರಿಸಿ, ಬಿಸಿನೀರಿನಲ್ಲಿ ಹದವಾಗಿ ಅದ್ದಿ, ಮೇಲಿನ ತೇವ ಆರಿಸಿ, ಅರ್ಧ ಕರಿದು, ಆಮೇಲೆ ಭಾರಿ ಚಳಿಯಲ್ಲಿ ದಿಢೀರನೆ ಗಟ್ಟಿ ಮಾಡಿದ್ದು. ಅಷ್ಟರಲ್ಲಿ ನೀರು ಒಂದಷ್ಟು ಹೋಗಿ, ಅದರ ಜಾಗಕ್ಕೆ ಎಣ್ಣೆ ಬಂದಿರುತ್ತದೆ, ಕಪ್ಪು ಮಾಡುವ ಕಿಣ್ವ ಸತ್ತಿರುತ್ತದೆ. ಗುಜರಾತಿನ ಬನಾಸ್‌ಕಾಂಠಾ, ಸಾಬರ್‌ಕಾಂಠಾ ಕಡೆಯ ರೈತರು ಇದಕ್ಕೆಂದೇ ಬೇರೆ ತಳಿ ಬೆಳೆಯುತ್ತಾರೆ. ನಮ್ಮ ಮಳೆಯಾಶ್ರಿತ ಜ್ಯೋತಿ ಗಡ್ಡೆಯನ್ನು ಮನೆ ಫ್ರೀಜರ್‌ನಲ್ಲಿಟ್ಟು ಅವರ ಜೊತೆ ಪೈಪೋಟಿ ಮಾಡಲಾಗದು.

ಇಡೀ ಗಡ್ಡೆಯನ್ನು ಫ್ರಿಜ್‌ನಲ್ಲಿಡುವುದೂ ಅಡುಗೆಗೆ ಒಳ್ಳೆಯದಲ್ಲ. ಅಲ್ಲಿ ಐಸ್ ಕಟ್ಟುವುದಿಲ್ಲ, ನಿಜ. ಆದರೆ 7, 8 ಡಿಗ್ರಿಗಿಂತ ಕೆಳಗೆ ಗಡ್ಡೆ ತನ್ನ ಪಿಷ್ಟವನ್ನು ತಾನೇ ಸಕ್ಕರೆ ಮಾಡಿಕೊಳ್ಳುತ್ತದೆ. ಕರಿದರೆ ಬೇಗ ಕಪ್ಪಾಗುವುದು, ಸಿಹಿ ಹತ್ತುವುದು ಅದಕ್ಕೇ. ಚಿಪ್ಸ್ ಮಾಡುವವರು ಕೋಲ್ಡ್ ಸ್ಟೋರೇಜ್ ಗಡ್ಡೆ ತಂದರೆ ಒಂದೆರಡು ವಾರ ನೆರಳಲ್ಲಿ, ಕತ್ತಲಲ್ಲಿ ಹಾಗೇ ಇಟ್ಟು ಆಮೇಲೆ ಕರಿಯಿರಿ, ಸಕ್ಕರೆ ಬಹುಮಟ್ಟಿಗೆ ಇಳಿಯುತ್ತದೆ.

ಈಗ ಅವರೆಕಾಳು. ಫ್ರೀಜರ್ ಕೊಂಡದ್ದು ಕೊನೆಗೆ ಸಾರ್ಥಕ ಆಗಿದ್ದು ಇದರಿಂದ. ಕಾಳಿನ ಕೋಶದ ಗೋಡೆ ಆಲೂಗಡ್ಡೆಯದಕ್ಕಿಂತ ದಪ್ಪ. ಒಳಗಿನ ಪಿಷ್ಟದ ಕಣಗಳ ಸುತ್ತ ಪ್ರೋಟೀನು ಹತ್ತಿ ತುಂಬಿದ ಹಾಗೆ ತುಂಬಿಕೊಂಡಿರುತ್ತದೆ. ನೀರಿನಂಶವೂ ಕಡಿಮೆ, ಕಾಳು ಸಣ್ಣದಾದ್ದರಿಂದ ಚಳಿ ಬೇಗ ನಡುವಿಗೆ ಇಳಿಯುತ್ತದೆ. ಹಾಗಾಗಿ ಬಟಾಣಿ, ಅವರೆ, ತೊಗರಿಕಾಳು, ಸ್ವೀಟ್ ಕಾರ್ನ್ ಫ್ರೀಜರ್‌ಗೆ ಹೊಂದುತ್ತವೆ.

ನಾನು ಮಾಡುವ ಕ್ರಮ ಇಷ್ಟು. ಬೆಳಿಗ್ಗೆ ಕಿತ್ತ ಕಾಯಿಯನ್ನು ಅದೇ ದಿನ ಸುಲಿದು, ಕುದಿಯುವ ನೀರಿಗೆ ಹಾಕಿ ಎರಡರಿಂದ ಮೂರು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ನೀರು ಧಾರಾಳವಾಗಿರಲಿ, ಕಾಳು ಹಾಕಿದ ಮೇಲೂ ಬೇಗ ಕುದಿ ಹಿಡಿಯಬೇಕು. ಇದರಿಂದ ಬಣ್ಣ, ರುಚಿ ಕೆಡಿಸುವ ಕಿಣ್ವ ಸಾಯುತ್ತದೆ. ತೆಗೆದ ಕೂಡಲೇ ಐಸ್ ನೀರಿಗೆ. ಈ ಹೆಜ್ಜೆಯನ್ನು ಜನ ಬಿಟ್ಟುಬಿಡುತ್ತಾರೆ. ಬಿಟ್ಟರೆ ಕಾಳು ತನ್ನ ಬಿಸಿಯಲ್ಲೇ ಬೇಯುತ್ತಾ ಹೋಗಿ, ಒಳಗಿನ ಪಿಷ್ಟ ಉಬ್ಬಿ, ಫ್ರೀಜ್ ಆದ ಮೇಲೆ ಹಿಟ್ಟುಹಿಟ್ಟಾಗುತ್ತದೆ. ಆಮೇಲೆ ಬಟ್ಟೆಯ ಮೇಲೆ ಹರಡಿ ಪಸೆ ಆರಿಸಿ, ತಟ್ಟೆಯಲ್ಲಿ ಒಂದೇ ಪದರ ಹರಡಿ ಫ್ರೀಜರ್‌ನಲ್ಲಿಡಿ. ನಾಲ್ಕೈದು ಗಂಟೆಯಲ್ಲಿ ಗೋಲಿಯ ಹಾಗೆ ಬಿಡಿಬಿಡಿ ಗಟ್ಟಿಯಾಗುತ್ತವೆ. ಆಗ ಕಾಲು ಕಿಲೋ, ಅರ್ಧ ಕಿಲೋ ಕವರಿಗೆ ತುಂಬಿ, ಗಾಳಿ ಒತ್ತಿ ತೆಗೆದು, ತಾರೀಖು ಬರೆದು ಮುಚ್ಚಿ. ಒಂದೇ ದಿನ ಫ್ರೀಜರ್ ತುಂಬ ಬಿಸಿ ಮಾಲು ತುರುಕಬೇಡಿ, ಮೊದಲೇ ಇದ್ದ ಮಾಲೂ ಮೆತ್ತಗಾಗುತ್ತದೆ. ಅಡುಗೆಯವರಿಗೆ ಹೇಳಿ: ಕರಗಿಸಬೇಡಿ, ಗಟ್ಟಿಯಾಗಿದ್ದಂತೆಯೇ ಕುದಿಯುವ ಸಾರಿಗೆ ಹಾಕಿ. ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ವಾಪಸ್ ಹಾಕುವಂತಿಲ್ಲ. ಹಿತಕವರೆ ಇಡುವುದಾದರೆ ಸಿಪ್ಪೆ ಇಲ್ಲದ್ದರಿಂದ ಕುದಿನೀರಿನಲ್ಲಿ ಒಂದೇ ನಿಮಿಷ ಸಾಕು ಅಂತ ನನ್ನ ಅನುಭವ.

ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಿ. ಆನ್‌ಲೈನ್‌ನಲ್ಲೇ ಆಗುತ್ತದೆ.

ಕೊನೆಯದಾಗಿ ರಾಗಿ, ಅಕ್ಕಿ, ಬೇಳೆ. ಔಷಧಿ ಹಾಕದೆ ಮಾರುವ ನಮ್ಮಂಥವರಿಗೆ ಹುಳದ ಕಾಟ ಗೊತ್ತೇ ಇದೆ. ಒಣಗಿದ ಧಾನ್ಯ, ಹಿಟ್ಟನ್ನು ಗಾಳಿಯಾಡದ ಕವರಿನಲ್ಲಿ ಹಾಕಿ ಮೈನಸ್ 18ರಲ್ಲಿ ಒಂದು ವಾರ ಇಟ್ಟರೆ ಹುಳ, ಮೊಟ್ಟೆ ಎರಡೂ ಸಾಯುತ್ತವೆ. ‘ಹಿಟ್ಟಿನ ಗುಣ ಹೋಗಲ್ವಾ?’ ಅಂತ ಗಿರಾಕಿಗಳು ಕೇಳುತ್ತಾರೆ. ಹೋಗುವುದಿಲ್ಲ. ಚೆನ್ನಾಗಿ ಒಣಗಿದ ರಾಗಿಯಲ್ಲಿರುವ ನೂರಕ್ಕೆ ಹನ್ನೆರಡರಷ್ಟು ತೇವ ಪಿಷ್ಟಕ್ಕೆ ಅಂಟಿಕೊಂಡಿರುವ ನೀರು. ಅದು ಮೈನಸ್ 18ರಲ್ಲೂ ಐಸ್ ಆಗುವುದಿಲ್ಲ. ಹರಳೇ ಇಲ್ಲದ ಮೇಲೆ ಕಣದ ಮೈ ಗೀರುವವರು ಯಾರು? ಫ್ರೀಜರ್‌ನಿಂದ ತೆಗೆದ ಮೇಲೆ ಕವರ್ ಕೂಡಲೇ ಬಿಚ್ಚಬೇಡಿ, ಹೊರಗಿನ ಬಿಸಿಗೆ ಬರುವವರೆಗೆ ಮುಚ್ಚಿಯೇ ಇಡಿ. ಇಲ್ಲದಿದ್ದರೆ ಗಾಳಿಯ ತೇವ ಹನಿಗಟ್ಟಿ ಬೂಸ್ಟು ಹಿಡಿಯುತ್ತದೆ. ಬಿತ್ತನೆ ಬೀಜ ಮಾತ್ರ ಪೂರ್ತಿ ಒಣಗಿದ್ದು ಖಾತ್ರಿಯಾಗದೆ ಒಳಗಿಡಬೇಡಿ. ಹಸಿ ಇದ್ದರೆ ಆಲೂಗಡ್ಡೆಗೆ ಆದದ್ದೇ ಮೊಳಕೆಗೂ ಆಗುತ್ತದೆ.

ಕಳೆದ ಜನವರಿಯಲ್ಲಿ ಅದೇ ಮೆಸ್ಸಿಗೆ ಎರಡು ಕಿಲೋ ಅವರೆಕಾಳು ಸ್ಯಾಂಪಲ್ ಕೊಟ್ಟು ಬಂದಿದ್ದೆ, ಸ್ವಲ್ಪ ಅಳುಕಿನಿಂದಲೇ. ಏಪ್ರಿಲ್‌ನಲ್ಲಿ, ಸೀಸನ್ ಮುಗಿದ ಮೇಲೆ, ಅವರದೇ ಫೋನ್ ಬಂತು. ವಾರಕ್ಕೆ ಐದು ಕಿಲೋ ಬೇಕಂತೆ. ಫ್ರೀಜರ್ ದುಡ್ಡಿನಲ್ಲಿ ಒಂಬತ್ತು ಸಾವಿರ ಅತ್ತೆಗೆ ವಾಪಸ್ ಕೊಟ್ಟಾಗಿದೆ. ಇನ್ನು ಐದು ಬಾಕಿ. ಈ ಸಲ ಇನ್ನೊಂದು ಗುಂಟೆ ಹೆಚ್ಚು ಅವರೆ ಹಾಕೋಣ ಅಂದಾಗ ಅವರು ‘ಹಾಕಮ್ಮ, ಆಲೂಗಡ್ಡೆ ಮಾತ್ರ ಅದ್ರೊಳಗೆ ಇಡಬೇಡ’ ಅಂದರು.